ಊಟ, ತೂಕ ಮತ್ತು ಒಂದು ರಜಿಸ್ಟರು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಉಪನ್ಯಾಸಕರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಮಿತಿಯವರು ನನಗೆ ಮೊದಲು ಕೊಟ್ಟ ವಿಷಯ ‘ಕೃತಕ ಬುದ್ಧಿಮತ್ತೆ ಮತ್ತು ವಿದ್ಯಾರ್ಥಿಗಳ ಭವಿಷ್ಯ’. ಅದನ್ನು ಹೇಳುವವರು ಯೂಟ್ಯೂಬಿನಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ, ನಾನು ಮಕ್ಕಳ ಊಟದ ಬಗ್ಗೆ ಮಾತಾಡುತ್ತೇನೆ ಎಂದೆ. "ಎಂಜಿನಿಯರ್ ಆದಾಂವ ಊಟದ ಬಗ್ಗೆ ಏನ್ ಹೇಳ್ತೀಪಾ?" ಎಂದು ನಮ್ಮ ಗುರುಗಳು ನಕ್ಕರು. ನನ್ನ ಕೆಲಸ ಆಸ್ಪತ್ರೆಗಳ ದಾಖಲೆ ಇಡುವ ಸಾಫ್ಟ್‌ವೇರ್ ಬರೆಯುವುದು. ನಾನು ವೈದ್ಯನಲ್ಲ, ಯಾರಿಗೂ ಔಷಧಿ ಹೇಳುವುದಿಲ್ಲ. ಆದರೆ ಅಂಕಿಗಳನ್ನು ಸಾಲಾಗಿ ಇಟ್ಟು ನೋಡುವುದು ನನ್ನ ಕಸುಬು. ಆ ಕಸುಬಿನಿಂದ ಕಂಡದ್ದನ್ನಷ್ಟೇ ಹೇಳುತ್ತೇನೆ.

ಮಕ್ಕಳ ಬೊಜ್ಜು ಎಂದ ಕೂಡಲೇ ನಮ್ಮೂರಲ್ಲಿ ಬರುವ ಮಾತು ಒಂದೇ: "ಅದು ಬೆಂಗಳೂರಿನವರ ರೋಗ. ನಮ್ಮ ಹುಡುಗರು ನೋಡ್ರಿ, ಕಡ್ಡಿ ಹಂಗ ಅದಾವ." ಕಡ್ಡಿಯ ಹಾಗೆ ಇರುವುದು ನಿಜ. 2016ರಿಂದ 2018ರವರೆಗೆ ಕೇಂದ್ರ ಸರ್ಕಾರ ಮಕ್ಕಳ ಪೋಷಣೆಯ ಬಗ್ಗೆ ದೇಶದಾದ್ಯಂತ ಒಂದು ಸಮಗ್ರ ಸಮೀಕ್ಷೆ ಮಾಡಿಸಿತು. ಬರೀ ತೂಕ ನೋಡಲಿಲ್ಲ, ರಕ್ತವನ್ನೂ ಪರೀಕ್ಷಿಸಿದರು. 10ರಿಂದ 19 ವರ್ಷದವರಲ್ಲಿ ನೂರಕ್ಕೆ 24 ಮಂದಿ ತೀರಾ ತೆಳ್ಳಗಿದ್ದರು. ತೂಕ ಹೆಚ್ಚಾದವರು ನೂರಕ್ಕೆ 5. ಹಾಗಾದರೆ ಚಿಂತೆ ತೆಳ್ಳಗಿನವರದ್ದು ಮಾತ್ರ ಎಂದು ಅಲ್ಲಿಗೇ ಪುಸ್ತಕ ಮುಚ್ಚಬಹುದಿತ್ತು. ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ: ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಮಕ್ಕಳು ನೂರಕ್ಕೆ 10.

ಎಂಟನೇ ತರಗತಿಯ ಮಕ್ಕಳೂ ಈ ಲೆಕ್ಕ ಮಾಡಬಹುದು. ತೂಕ ಹೆಚ್ಚಾದ ಐದೂ ಮಕ್ಕಳು ಆ ಹೊಸ್ತಿಲಲ್ಲೇ ಇದ್ದಾರೆ ಎಂದು ಇಟ್ಟುಕೊಳ್ಳಿ. ಆಗಲೂ ಇನ್ನೈದು ಮಕ್ಕಳು ಉಳಿಯುತ್ತಾರೆ. ಅವರು ನೋಡಲು ದಪ್ಪಗಿಲ್ಲ. ಅಂದರೆ ಹೊಸ್ತಿಲಲ್ಲಿ ನಿಂತವರಲ್ಲಿ ಕಡಿಮೆ ಎಂದರೂ ಅರ್ಧದಷ್ಟು ಮಕ್ಕಳನ್ನು ಕಣ್ಣಳತೆಯಿಂದ ಹಿಡಿಯಲು ಆಗುವುದಿಲ್ಲ. ನಾನು ಈ ಲೆಕ್ಕವನ್ನು ಮೂರು ಸಲ ಮಾಡಿ ನೋಡಿದ್ದೇನೆ.

ಇದು ಹೇಗೆ ಸಾಧ್ಯ ಎಂದು ನನಗೆ ಮನೆಯಲ್ಲೇ ಉದಾಹರಣೆ ಇದೆ. ನಮ್ಮಪ್ಪ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ನಿಮಗೆಲ್ಲ ಗೊತ್ತಿರುವವರು. ಜೀವಮಾನದಲ್ಲಿ ಒಮ್ಮೆಯೂ ಅವರನ್ನು ಯಾರೂ ದಪ್ಪಗಿದ್ದಾರೆ ಎಂದಿಲ್ಲ. ಬೆಳಗಾದರೆ ಹೊಲ, ಸಂಜೆ ದನ. ನಲವತ್ತೆಂಟನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ಕಾಲಿನ ಗಾಯ ಮಾಯದೆ ಒಂದು ಬೆರಳು ತೆಗೆಯಬೇಕಾಯಿತು. "ಉಂಡು ಕುಂತವ್ರಿಗೆ ಬರೋ ರೋಗ ದುಡಿದಾಂವಗ್ಯಾಕ ಬಂತು?" ಎಂದು ಅವ್ವ ಕೇಳಿದ ಪ್ರಶ್ನೆಗೆ ಅಂದು ನಮ್ಮ ಯಾರಲ್ಲೂ ಉತ್ತರ ಇರಲಿಲ್ಲ.

ಉತ್ತರದ ಒಂದು ತುಣುಕು ಪುಣೆಯಲ್ಲಿದೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋ ಹಾಕಿಸಿದರು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಬಿಎಂಐ ಎನ್ನುತ್ತಾರೆ. ಇಬ್ಬರದೂ 22.3, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ಮೈಯೊಳಗಿನ ಕೊಬ್ಬು ಅಳೆದರೆ ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ನೋಡಲು ಒಂದೇ ಮೈಕಟ್ಟು, ಒಳಗೆ ಎರಡರಷ್ಟಕ್ಕಿಂತ ಹೆಚ್ಚು ಕೊಬ್ಬು. ಅದೂ ಹೊಟ್ಟೆಯ ಸುತ್ತ. ನಮ್ಮಪ್ಪನನ್ನು ಆ ಫೋಟೋದಲ್ಲಿ ಮೂರನೆಯವರಾಗಿ ನಿಲ್ಲಿಸಬಹುದು ಎಂದು ನನಗೆ ಅನ್ನಿಸಿತು.

ಇದು ದೊಡ್ಡವರಾದ ಮೇಲೆ ಬಂದದ್ದೂ ಅಲ್ಲ. ಪುಣೆಯ ಸುತ್ತಲಿನ ಆರು ಹಳ್ಳಿಗಳಲ್ಲಿ ಇದೇ ಯಾಜ್ಞಿಕ್ ಅವರ ತಂಡ ಹುಟ್ಟಿದ ಕೂಸುಗಳನ್ನು ಅಳೆದು, ಇಂಗ್ಲೆಂಡಿನ ಸೌತಾಂಪ್ಟನ್ ಊರಿನ ಕೂಸುಗಳ ಜೊತೆ ಹೋಲಿಸಿತು. ಅಲ್ಲಿಯ ಕೂಸು ಸರಾಸರಿ 3.5 ಕಿಲೋ, ನಮ್ಮದು 2.7 ಕಿಲೋ. ಮಾಂಸಖಂಡದಲ್ಲಿ, ಹೊಟ್ಟೆಯೊಳಗಿನ ಅಂಗಗಳಲ್ಲಿ ನಮ್ಮ ಕೂಸು ಬಹಳ ಹಿಂದೆ. ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಹೆಚ್ಚೇನೂ ಹಿಂದಿಲ್ಲ. ಬಡ ತಾಯಿಯ ಹೊಟ್ಟೆಯಲ್ಲಿ ಬೆಳೆಯುವ ಕೂಸು ಸಿಕ್ಕಿದ್ದರಲ್ಲಿ ಮೊದಲು ಮಿದುಳನ್ನೂ ಕೊಬ್ಬನ್ನೂ ಉಳಿಸಿಕೊಳ್ಳುತ್ತದೆ ಎಂದು ಇದನ್ನು ವಿವರಿಸುತ್ತಾರೆ. ಬರಗಾಲಕ್ಕೆ ಹಗೇವು ತುಂಬಿ ಇಟ್ಟುಕೊಂಡ ಹಾಗೆ. ಮುಂದೆ ಬರಗಾಲ ಬಾರದೆ ಬಿಸ್ಕೀಟು ಬಂದರೆ ತೊಂದರೆ ಶುರು.

ಈಗ ನಮ್ಮ ರಾಜ್ಯದ ಕತೆ. ನನ್ನಂಥ ದಾಖಲೆಯ ಮನುಷ್ಯನಿಗೆ ಇದಕ್ಕಿಂತ ಇಷ್ಟದ ಕತೆ ಇಲ್ಲ, ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡರೆ ತಾಳಿಕೊಳ್ಳಿ. ಮೈಸೂರಿನಲ್ಲಿ ಮಿಷನರಿಗಳು 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಮಿಷನ್ ಆಸ್ಪತ್ರೆ ಎಂದರೆ ಯಾರಾದರೂ ತೋರಿಸುತ್ತಾರೆ. ಅಲ್ಲಿನ ಹೆರಿಗೆ ವಾರ್ಡಿನಲ್ಲಿ 1934ರಿಂದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಯಾಕೆ ಬರೆಯುತ್ತಿದ್ದೇವೆ ಎಂದು ಆ ನರ್ಸುಗಳು ಕೇಳಿದ್ದರೋ ಇಲ್ಲವೋ. ರಜಿಸ್ಟರುಗಳು ಮಾತ್ರ ಉಳಿದವು. ಅರವತ್ತು ವರ್ಷದ ಮೇಲೆ ಸಂಶೋಧಕರು ಬಂದು ಅವನ್ನು ತೆರೆದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಆ ಸುತ್ತಲೇ ವಾಸವಿದ್ದ 517 ಮಂದಿಯನ್ನು ಹುಡುಕಿ, ಹೃದಯದ ಪರೀಕ್ಷೆ ಮಾಡಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ. 3.1 ಕಿಲೋ ಅಥವಾ ಹೆಚ್ಚು ಇದ್ದವರಲ್ಲಿ ನೂರಕ್ಕೆ 3.

ಸಕ್ಕರೆ ಕಾಯಿಲೆ ನೋಡಿದಾಗ ಲೆಕ್ಕ ಬೇರೆ ಬಂತು. ಉದ್ದ ಕಡಿಮೆ, ಆ ಉದ್ದಕ್ಕೆ ತೂಕ ಹೆಚ್ಚು, ಅಂದರೆ ಗುಂಡುಗುಂಡಾಗಿ ಹುಟ್ಟಿದವರಲ್ಲಿ, ಮೈತುಂಬಿಕೊಂಡ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚು. ತಾಯಿಗೆ ಬಸಿರಿನಲ್ಲಿ ಸಕ್ಕರೆ ಏರಿದ್ದಿರಬಹುದೇ ಎಂಬ ಗುಮಾನಿ ಬಂದು, ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಪಾರ್ಥೆನಾನ್ ಎಂಬ ಹೆಸರಿನ ಅಧ್ಯಯನ ಶುರು ಮಾಡಿದರು. ಬಸುರಿಯರ ಸಕ್ಕರೆ ಅಳೆದರು, ಹುಟ್ಟಿದ ಮಕ್ಕಳನ್ನು ವರ್ಷ ವರ್ಷ ಕರೆದು ಅಳೆದರು. ಡಾ. ಜಿ. ವಿ. ಕೃಷ್ಣವೇಣಿ ಮತ್ತು ಸೌತಾಂಪ್ಟನ್ನಿನ ಡಾ. ಕ್ಯಾರೊಲಿನ್ ಫಾಲ್ ಇದರಲ್ಲಿ ದುಡಿದವರು. ಪರೀಕ್ಷೆ ಮಾಡಿಸಿಕೊಂಡ ಬಸುರಿಯರಲ್ಲಿ ನೂರಕ್ಕೆ 6 ಮಂದಿಗೆ ಸಕ್ಕರೆ ಇತ್ತು. ಅವರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಕೊಬ್ಬು ಹೆಚ್ಚು ಕಂಡಿತು. ಒಂಬತ್ತೂವರೆ ವರ್ಷದ ಹೊತ್ತಿಗೂ ಅದು ಕಂಡಿತು.

ಈ ಸಾಲುಗಳನ್ನು ನಾನು ಓದಿದ್ದು ಕುತೂಹಲಕ್ಕಲ್ಲ. ನನ್ನ ಹೆಂಡತಿಗೆ ಬಸಿರಿನ ಏಳನೇ ತಿಂಗಳಲ್ಲಿ ಸಕ್ಕರೆ ಕಂಡಿತು. ಇದನ್ನು ಹೇಳಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ, "ಹೇಳ್ರಿ, ಇನ್ನೊಬ್ಬಾಕಿ ಟೆಸ್ಟ್ ಮಾಡಿಸಿಕೊಂಡಾಳು" ಎಂದಳು. ಮಗಳು ಹುಟ್ಟಿದಾಗ 3.6 ಕಿಲೋ. ನೋಡಲು ಬಂದವರೆಲ್ಲ "ಗುಂಡಗೆ ಅದಾಳ, ದೃಷ್ಟಿ ತಗೀರಿ" ಎಂದರು. ಅವಳಿಗೀಗ ಏಳು ವರ್ಷ. ಚಿಗರೆಯ ಹಾಗೆ ಓಡಾಡುತ್ತಾಳೆ, ತೆಳ್ಳಗೇ ಇದ್ದಾಳೆ. ಆದರೂ ಆರು ತಿಂಗಳಿಗೊಮ್ಮೆ ಅವಳ ಎತ್ತರ ತೂಕ ಬರೆದು ಗೆರೆ ಎಳೆಯುತ್ತೇವೆ. ಅಜ್ಜ ಈ ಸಾಲಿನಲ್ಲಿ ಕೂತಿದ್ದಾರೆ, ಮೊಮ್ಮಗಳು ಆ ಸಾಲಿನಲ್ಲಿ. ನಡುವಿನ ನಾನು ಸುಮ್ಮನಿರಲು ಹೇಗೆ ಆದೀತು?

ಗೆರೆ ಯಾಕೆ ಎಂದರೆ, ಮೂರನೇ ಊರು ದೆಹಲಿ. ಅಲ್ಲಿ ಹುಟ್ಟಿನಿಂದ ಅಳತೆ ಬರೆದಿಟ್ಟಿದ್ದ ಮಕ್ಕಳನ್ನು 26ರಿಂದ 32 ವರ್ಷದವರಾದಾಗ ಮತ್ತೆ ಪರೀಕ್ಷಿಸಿದರು, ವರದಿ 2004ರಲ್ಲಿ ಬಂತು. ಸಕ್ಕರೆ ಕಾಯಿಲೆಗೆ ಅಥವಾ ಅದರ ಹೊಸ್ತಿಲಿಗೆ ಬಂದಿದ್ದವರ ಹಳೆಯ ಅಳತೆ ತೆಗೆದರೆ, ಎರಡು ವರ್ಷದವರೆಗೆ ಅವರು ತೆಳ್ಳಗಿದ್ದವರು. ಆಮೇಲೆ ಬಿಎಂಐ ಬೇರೆಯವರಿಗಿಂತ ಬೇಗ ಬೇಗ ಏರಿತ್ತು. ಆದರೂ ಹನ್ನೆರಡನೇ ವಯಸ್ಸಿನಲ್ಲಿ ಅವರಲ್ಲಿ ಒಬ್ಬರಿಗೂ ಬೊಜ್ಜು ಇರಲಿಲ್ಲ. ಒಬ್ಬರಿಗೂ! ಹನ್ನೆರಡನೇ ವರ್ಷಕ್ಕೆ ಒಮ್ಮೆ ತೂಗಿ ನೋಡಿದ್ದರೆ ಡಾಕ್ಟರು "ಚಲೋ ಅದಾನ" ಎಂದು ಕಳಿಸುತ್ತಿದ್ದರು. ಒಂದು ಅಳತೆಯಲ್ಲಿ ಕಾಣದ್ದು ಅಳತೆಗಳ ಸಾಲಿನಲ್ಲಿ ಕಾಣುತ್ತದೆ.

ಇಷ್ಟಾದ ಮೇಲೆ ಹೊರಗಿನ ಜಗತ್ತಿನ ಮಾತು ಬೇಗ ಮುಗಿಸುತ್ತೇನೆ. ಭಾರತದಲ್ಲಿ 5ರಿಂದ 19 ವರ್ಷದ ಬೊಜ್ಜು ಮಕ್ಕಳು 1990ರಲ್ಲಿ ಸುಮಾರು 4 ಲಕ್ಷ, 2022ರಲ್ಲಿ ಒಂದೂಕಾಲು ಕೋಟಿ. ಇಡೀ ಜಗತ್ತಿನ ಶಾಲಾ ವಯಸ್ಸಿನ ಮಕ್ಕಳಲ್ಲಿ ಬೊಜ್ಜಿನವರ ಪ್ರಮಾಣ ಕಡಿಮೆ ತೂಕದವರ ಪ್ರಮಾಣವನ್ನು ಮೊದಲ ಸಲ ದಾಟಿದೆ ಎಂದು 2025ರಲ್ಲಿ ಯುನಿಸೆಫ್ ಹೇಳಿತು, ಶೇ. 9.4 ಮತ್ತು ಶೇ. 9.2. ನಮ್ಮ ಕಡೆ ಎರಡೂ ಒಂದೇ ಊರಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ಇವೆ. ಹೀಗಾಗಿ "ಕಡಿಮೆ ತಿನ್ನಿ" ಎಂಬ ಪಟ್ಟಣದ ಉಪದೇಶವನ್ನು ಇಲ್ಲಿ ತಂದು ಹೇಳಿದರೆ ಅನ್ಯಾಯವಾದೀತು. ನಮ್ಮ ಮಕ್ಕಳಿಗೆ ಬೇಕಾದ್ದು ಹೆಚ್ಚು ತಿನ್ನುವುದೇ. ಏನನ್ನು ಎಂಬುದು ಪ್ರಶ್ನೆ.

ನಾವು ಓದುವಾಗ ಬುತ್ತಿ ಇತ್ತು. ಬಿಸಿಯೂಟ ನಮ್ಮ ಕಡೆಯ ಪ್ರಾಥಮಿಕ ಶಾಲೆಗಳಿಗೆ 2003ರಲ್ಲಿ ಬಂತು, ಪ್ರೌಢಶಾಲೆಗೆ ಬರುವಷ್ಟರಲ್ಲಿ ನಮ್ಮ ಬ್ಯಾಚು ಹೊರಬಿದ್ದಿತ್ತು. ಬುತ್ತಿಯಲ್ಲಿ ಎರಡು ಜೋಳದ ರೊಟ್ಟಿ, ಹೆಸರುಕಾಳಿನದೋ ಮಡಿಕೆಕಾಳಿನದೋ ಪಲ್ಯ, ಗುರೆಳ್ಳು ಚಟ್ನಿ ಇಲ್ಲವೇ ಅಗಸಿ ಚಟ್ನಿ, ಮಳೆಗಾಲದಲ್ಲಿ ಪುಂಡಿಪಲ್ಯ. ಅಂದು ಅದು ನಾಚಿಕೆಯ ಊಟ. ಪೇಟೆಯಿಂದ ಬರುತ್ತಿದ್ದವನ ಬ್ರೆಡ್ಡು ಜಾಮಿಗೆ ನಾವು ನಾಲ್ಕು ಜನ ನಮ್ಮ ಬುತ್ತಿ ಬದಲಿಸಿಕೊಳ್ಳಲು ಕಾಯುತ್ತಿದ್ದೆವು. ಅವನು ಈಗ ಇಲ್ಲೇ ಇದ್ದಾನೆ, ನಗುತ್ತಿದ್ದಾನೆ. ಅವನಿಗೆ ನಮ್ಮ ರೊಟ್ಟಿಯೇ ಬೇಕಾಗಿತ್ತಂತೆ! ಇಂದು ಬೆಂಗಳೂರಿನ ಮಾಲುಗಳಲ್ಲಿ ಅದೇ ಅಗಸಿಯನ್ನು ಗಾಜಿನ ಬಾಟಲಿಯಲ್ಲಿ ತುಂಬಿ ನಾವು ನಂಬದ ಬೆಲೆಗೆ ಮಾರುತ್ತಾರೆ.

ನಮ್ಮ ಹೊಲಗಳಲ್ಲಿ ಈಗ ಜೋಳಕ್ಕಿಂತ ಗೋವಿನಜೋಳ ಮತ್ತು ಹತ್ತಿ ಹೆಚ್ಚು. ರೈತನಿಗೆ ರೊಕ್ಕ ಬೇಕು, ನಾನು ಟೀಕಿಸುವುದಿಲ್ಲ. ಆದರೆ ಒಂದು ವಿಚಿತ್ರ ನೋಡಿ. ಗೋವಿನಜೋಳ ಲಾರಿಯಲ್ಲಿ ಹೊರಗೆ ಹೋಗುತ್ತದೆ. ಗೋವಿನಜೋಳದ ಹಿಟ್ಟು, ಎಣ್ಣೆ, ಉಪ್ಪು, ಮಸಾಲೆ ಸೇರಿ ಉಬ್ಬಿದ ಕಡ್ಡಿಗಳು ಐದು ರೂಪಾಯಿ ಪಾಕೀಟಿನಲ್ಲಿ ಒಳಗೆ ಬರುತ್ತವೆ. ಅರ್ಧ ಪಾಕೀಟು ಗಾಳಿ. ದಿನಕ್ಕೆ ಹತ್ತು ರೂಪಾಯಿ ಎಂದರೆ 220 ಶಾಲಾ ದಿನಕ್ಕೆ 2,200 ರೂಪಾಯಿ. ಒಂದು ಮಗುವಿಗೆ.

ಪಾಕೀಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ವಿಜ್ಞಾನದ ಪೀರಿಯಡ್ಡಿನಲ್ಲಿ ಓದಿಸಬಹುದು. ಕರಿದ ಚಿಪ್ಸಿನಲ್ಲಿ 100 ಗ್ರಾಮಿಗೆ 500ಕ್ಕಿಂತ ಹೆಚ್ಚು ಕ್ಯಾಲೊರಿ ಇರುತ್ತದೆ. ಜಾಣ ವಿದ್ಯಾರ್ಥಿ ಎದ್ದು ನಿಂತು, "ಸರ್, ಶೇಂಗಾದಾಗೂ ಅಷ್ಟೇ ಐತಿ" ಎನ್ನಬಹುದು. ಸರಿಯೇ, ಶೇಂಗಾದಲ್ಲಿಯೂ ಅಷ್ಟೇ ಇದೆ. ಆದರೆ 100 ಗ್ರಾಂ ಶೇಂಗಾದಲ್ಲಿ 25 ಗ್ರಾಮಿನಷ್ಟು ಪ್ರೋಟೀನೂ ಇದೆ, ಒಂದು ಹಿಡಿ ತಿಂದರೆ ಹೊಟ್ಟೆ ಸಾಕು ಎನ್ನುತ್ತದೆ. ಪಾಕೀಟು ಇನ್ನೊಂದು ಪಾಕೀಟು ಕೇಳುತ್ತದೆ. ಇನ್ನು ಬಾಟಲಿ. 250 ಮಿಲಿ ತಂಪು ಪಾನೀಯದಲ್ಲಿ ಸುಮಾರು 25 ಗ್ರಾಂ ಸಕ್ಕರೆ. ದಿನದ ಒಟ್ಟು ಕ್ಯಾಲೊರಿಯಲ್ಲಿ ಸೇರಿಸಿದ ಸಕ್ಕರೆ ಶೇ. 10ನ್ನು ದಾಟಬಾರದು, ಶೇ. 5ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ಸಾವಿರ ಕ್ಯಾಲೊರಿ ಉಣ್ಣುವ ಮಗುವಿಗೆ ಶೇ. 5 ಎಂದರೆ ಆ ಒಂದೇ ಬಾಟಲಿ. ಹಾಗೆಂದು ಕಂಪನಿಯನ್ನು ಬೈದು ನಾವು ಪಾರಾಗುವಂತಿಲ್ಲ. ನಮ್ಮ ಮನೆಯ ಚಹಾಕ್ಕೆ ಕಪ್ಪಿಗೆ ಎರಡು ಚಮಚ ಸಕ್ಕರೆ, ದಿನಕ್ಕೆ ಮೂರು ಕಪ್ಪು, ಮಕ್ಕಳಿಗೂ ಅದೇ. ಲೆಕ್ಕ ನೀವೇ ಹಾಕಿ.

ಜಾತ್ರೆಯಲ್ಲಿ ಮಿರ್ಚಿ ಮಂಡಕ್ಕಿ ಬೇಡ ಎನ್ನುವ ಭಾಷಣ ನಾನು ಮಾಡಲಾರೆ. ಈ ಸಭೆ ಮುಗಿದ ಮೇಲೆ ಎಲ್ಲಿ ಹೋಗುತ್ತೇನೆ ಎಂದು ನನ್ನ ಗೆಳೆಯರಿಗೆ ಗೊತ್ತಿದೆ. ಮಾತು ನಿತ್ಯದ ತಿನಿಸಿನದು. ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ವಿಪರೀತ ಇರುವ ತಿನಿಸು ಮಾರಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಗೇಟಿನ ಮುಂದೆ ಡಬ್ಬಿ ಅಂಗಡಿ ಇಟ್ಟವರೂ ಬಡವರೇ. ಅವರನ್ನು ಎಬ್ಬಿಸಬೇಡಿ. ಬಾಳೆಹಣ್ಣು, ಹುರಿದ ಶೇಂಗಾ, ಪುಠಾಣಿ, ಪೇರಲ, ಕುದಿಸಿದ ಮೊಟ್ಟೆ ಮಾರಿದರೆ ಮೊದಲ ಆರು ತಿಂಗಳು ಆಗುವ ನಷ್ಟವನ್ನು ತುಂಬಿಕೊಡಲು ನಮ್ಮ ಬ್ಯಾಚಿನವರು ಹಣ ಕೂಡಿಸಿದ್ದೇವೆ. ಪಂಚಾಯಿತಿಯವರು ಅವರನ್ನು ಕೂರಿಸಿ ಮಾತಾಡಬೇಕು, ಇದು ನನ್ನ ಬೇಡಿಕೆ.

ಬಿಸಿಯೂಟದ ತಾಯಂದಿರಿಗೆ ಒಂದು ಮಾತು. ಈ ಊರಿನ ಮಕ್ಕಳ ಆರೋಗ್ಯದಲ್ಲಿ ನಿಮ್ಮ ಪಾಲು ಯಾವ ಡಾಕ್ಟರಿಗಿಂತ ಕಡಿಮೆ ಇಲ್ಲ. 2013ರಿಂದ ಹಾಲು, ಆಮೇಲೆ ಮೊಟ್ಟೆ, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ, ಅದೇ ವರ್ಷದಿಂದ ರಾಗಿ ಮಾಲ್ಟು ಬಂದಿದೆ. ರಾಗಿಗೆ ನಮ್ಮ ತಾಲ್ಲೂಕಿನಲ್ಲಿ ಹಳೆಯ ವಕೀಲರಿದ್ದಾರೆ. ಇಲ್ಲಿಯ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ರಾಮನ ಮುಂದೆ ನಿಲ್ಲಿಸಿ, ಆರು ತಿಂಗಳು ಸೆರೆಯಲ್ಲಿಡಿಸಿ, ರಾಗಿಯನ್ನು ಗೆಲ್ಲಿಸಿದರು. ಅವರು ಅಂದು ಯಾರ ಪರವಾಗಿ ಮಾತಾಡಿದರು ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಪ್ರಯೋಗಾಲಯದ ತೀರ್ಪೂ ಅದೇ: 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ, ಬಿಳಿ ಅಕ್ಕಿಯಲ್ಲಿ ಹತ್ತೂ ಇಲ್ಲ.

ಹೆಣ್ಣುಮಕ್ಕಳ ಪಾಲಕರಿಗೆ ಹೇಳಬೇಕಾದ್ದು ಸ್ವಲ್ಪ ಖಾರವಾಗಿದೆ. ಪುಣೆಯ, ಮೈಸೂರಿನ ಲೆಕ್ಕ ಎರಡೂ ತಾಯಿಯ ಹತ್ತಿರ ಹೋಗಿ ನಿಲ್ಲುತ್ತವೆ. ಇಂದು ಎಂಟನೇ ತರಗತಿಯಲ್ಲಿರುವ ಹುಡುಗಿಗೆ ಮನೆಯಲ್ಲಿ ಕೊನೆಗೆ ಉಣ್ಣಲು ಕೂಡಿಸಿದರೆ, ಕಬ್ಬಿಣಾಂಶದ ಮಾತ್ರೆಯನ್ನು "ಹೀಟ್ ಆಕ್ಕೈತಿ" ಎಂದು ಎಸೆದರೆ, ಹದಿನೆಂಟು ತುಂಬುವ ಮೊದಲೇ ಮದುವೆ ಮಾಡಿದರೆ, ಅದರ ಬೆಲೆ ಅವಳ ಕೂಸಿನ ನಲವತ್ತನೇ ವಯಸ್ಸಿನಲ್ಲಿ ವಸೂಲಾಗುತ್ತದೆ. ನಮ್ಮ ರಾಜ್ಯದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಯ ಮದುವೆ ಹದಿನೆಂಟಕ್ಕೆ ಮೊದಲೇ ಆಗಿತ್ತು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ನಮ್ಮ ತರಗತಿಯಲ್ಲಿ ನನಗಿಂತ ಗಣಿತದಲ್ಲಿ ಮುಂದಿದ್ದ ಒಬ್ಬಳು ಒಂಬತ್ತರಲ್ಲೇ ಶಾಲೆ ಬಿಟ್ಟಳು. ಇಂದಿನ ಸಮಾವೇಶಕ್ಕೂ ಬಂದಿಲ್ಲ.

ಆಟ ಮತ್ತು ನಿದ್ದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು 2007ರಲ್ಲಿ, ಟಿ.ವಿ. ಹೆಚ್ಚು ನೋಡುವ ಮತ್ತು ಕಡಿಮೆ ನಿದ್ದೆ ಮಾಡುವ ಮಕ್ಕಳಲ್ಲಿ ತೂಕ ಹೆಚ್ಚು ಎಂದು ತೋರಿಸಿದರು. ಈಗ ಟಿ.ವಿ. ಹಾಸಿಗೆಯೊಳಗೇ ಬಂದಿದೆ. ಮಕ್ಕಳಿಗೆ ದಿನಕ್ಕೆ ಒಂದು ತಾಸು ಬೆವರು ಬರುವಂಥ ಆಟ ಬೇಕು. ಎಸ್ಸೆಸ್ಸೆಲ್ಸಿ ವರ್ಷ ಬಂದರೆ ಆಟದ ಪೀರಿಯಡ್ಡು ಗಣಿತಕ್ಕೆ ಹೋಗುವುದು ಎಲ್ಲ ಕಡೆಯ ವಾಡಿಕೆ. ಗುರುಗಳೇ, ಗಣಿತದಿಂದ ಬದುಕು ಕಟ್ಟಿಕೊಂಡವನೇ ಕೇಳುತ್ತಿದ್ದೇನೆ, ಅದನ್ನು ಬಿಟ್ಟುಕೊಡಿ.

ಕೊನೆಗೆ ರಜಿಸ್ಟರು. ವರ್ಷಕ್ಕೊಮ್ಮೆ ಸರ್ಕಾರದ ಬಾಲ ಸ್ವಾಸ್ಥ್ಯ ತಂಡ ಬಂದು ತಪಾಸಣೆ ಮಾಡುತ್ತದೆ, ಒಳ್ಳೆಯ ಕೆಲಸ. ಅದರ ಜೊತೆಗೆ ನಮ್ಮ ಶಾಲೆಯೇ ಒಂದು ಸಾಲು ಇಟ್ಟುಕೊಳ್ಳಲಿ ಎಂದು ನಮ್ಮ ಬ್ಯಾಚು ಎತ್ತರ ಅಳೆಯುವ ಪಟ್ಟಿ, ತೂಕದ ಯಂತ್ರ ಮತ್ತು ಗಟ್ಟಿ ರಟ್ಟಿನ ಐದು ರಜಿಸ್ಟರು ಕೊಟ್ಟಿದೆ. ಜೂನ್ ಮತ್ತು ಡಿಸೆಂಬರಿನಲ್ಲಿ ಅಳತೆ. ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ನಮ್ಮ ದೇಶದ ಮಕ್ಕಳಿಗೆಂದೇ ಮಾಡಿದ ಬೆಳವಣಿಗೆಯ ನಕ್ಷೆ, ಹುಡುಗರಿಗೆ ಬೇರೆ ಹುಡುಗಿಯರಿಗೆ ಬೇರೆ, ಅದರ ಮೇಲೆ ಚುಕ್ಕೆ ಇಡುವುದು. ಮಗು ತನ್ನ ಗೆರೆ ಬಿಟ್ಟು ಮೇಲಕ್ಕೆ ಹೋದರೂ ಕೆಳಕ್ಕೆ ಜಾರಿದರೂ ಪಾಲಕರಿಗೆ ಮಾತ್ರ ತಿಳಿಸುವುದು. ಅಳತೆ ಒಬ್ಬೊಬ್ಬರದೇ, ಬಾಗಿಲು ಮುಚ್ಚಿ. ಅಂಕಿ ಕೂಗಿ ಹೇಳಬಾರದು. ‘ಡುಮ್ಮ’, ‘ಕಡ್ಡಿ’ ಎಂದು ಅಡ್ಡಹೆಸರು ಹೊತ್ತು ಹತ್ತನೇ ತರಗತಿ ಮುಗಿಸಿದವರು ಈ ಸಭೆಯಲ್ಲೇ ಇದ್ದಾರೆ. ಹೆಸರಿನ ಪಟ್ಟಿ ಶಾಲೆಯ ಕಪಾಟು ಬಿಟ್ಟು ಹೊರಗೆ ಹೋಗುವುದಿಲ್ಲ. ನನ್ನ ಕಂಪ್ಯೂಟರಿಗೂ ಬರುವುದಿಲ್ಲ.

ಮೊದಲ ಅಳತೆ ಬರುವ ಸೋಮವಾರ ಎಂಟನೇ ತರಗತಿಯಿಂದ ಶುರು. ಅಳೆಯುವುದನ್ನು ಇಬ್ಬರು ಶಿಕ್ಷಕಿಯರಿಗೂ ಆಶಾ ಕಾರ್ಯಕರ್ತೆಗೂ ನಿನ್ನೆ ತೋರಿಸಿಕೊಟ್ಟಿದ್ದೇವೆ. ಮಕ್ಕಳು ಚಪ್ಪಲಿ, ಸಾಕ್ಸ್ ಬಿಚ್ಚಿ, ಕಿಸೆ ಖಾಲಿ ಮಾಡಿ ಬರಬೇಕು. ಹುಡುಗಿಯರು ಅಂದು ನೆತ್ತಿಯ ಮೇಲೆ ತುರುಬು ಕಟ್ಟಬೇಡಿ, ಎರಡು ಇಂಚು ಸುಳ್ಳು ಎತ್ತರ ಬರುತ್ತದೆ. ಹೊಟ್ಟೆ ಖಾಲಿ ಇರಬೇಕಾಗಿಲ್ಲ, ಉಂಡೇ ಬನ್ನಿ.